ತಾತ ಕೇಳುತ್ತಿದ್ದ ಮಾತು

ರಾಯಭಾರ ಕಚೇರಿಯ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬಳು ಅಕ್ಕ, ಅವಳ ತಮ್ಮ ಕುಳಿತಿದ್ದರು. ಅಕ್ಕ ದರ್ಜಿ; ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ತಮ್ಮನಿಗೆ ತಾತ ಹುಟ್ಟಿದ ದೇಶದ ಪೌರತ್ವ ಬೇಕಿತ್ತು.

"ಒಳಗೆ ತಾತನ ಬಗ್ಗೆ ಕೇಳಿದ್ರೆ ಏನ್ ಹೇಳ್ತೀಯ?" ಅಕ್ಕ ಕೇಳಿದಳು.

"ತೊಡೆ ಮೇಲೆ ಕೂರಿಸ್ಕೊಂಡು ತಮ್ಮ ನಾಡಿನ ಕಥೆ ಹೇಳ್ತಿದ್ರು ಅಂತ."

"ತೊಡೆ ಮೇಲೆ? ಅವರು ಆ ನಾಡಿನ ಭಾಷೇಲಿ ಬಾಯಿ ಬಿಟ್ರೆ ಗೆಳೆಯರ ಮುಂದೆ ಅಣಕಿಸ್ತಿದ್ದೆ ನೀನು."

"ಚಿಕ್ಕವನಿದ್ದೆ."

"ಮೀಸೆ ಬಂದಿತ್ತು."

"ಈಗ ಕಲೀತಿದ್ದೀನಲ್ಲಕ್ಕ. 'ನಾನು ಈ ಮಣ್ಣಿನ ಮಗ' ಅನ್ನೋಕೆ ಬರುತ್ತೆ."

"ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಸಾಯೋ ಮುಂಚೆ ತಾತ ನಮ್ಮ ಮಾತೆಲ್ಲ ಮರೆತು ಆ ಭಾಷೇಲೇ ಏನೋ ಕೇಳ್ತಿದ್ರು. ನೀನು ರೇಡಿಯೋ ಜೋರು ಮಾಡ್ದೆ."

"ಏನ್ ಕೇಳ್ತಿದ್ರು?"

"ಯಾರಿಗ್ ಗೊತ್ತು? ನೀರು ಕೊಟ್ಟೆ, ಹೊದಿಸ್ದೆ, ಕಿಟಕಿ ತೆಗೆದೆ. ಎಲ್ಲಕ್ಕೂ ಅಲ್ಲ ಅಂತ ತಲೆಯಾಡಿಸಿದ್ರು. ಆ ಮಾತು ಮಾತ್ರ ಕಿವೀಲಿ ಹಾಗೇ ಇದೆ."

ಒಳಗಿನಿಂದ ಕರೆ ಬಂತು. ತಮ್ಮ ಕೋಟು ಸರಿಮಾಡಿಕೊಂಡ.

"ನೀನೂ ಬಂದು ನನ್ನ ಪರವಾಗಿ ನಾಲ್ಕು ಮಾತಾಡಕ್ಕ."

"ನಿನ್ನ ಪೌರತ್ವ ಕಟ್ಕೊಂಡು ನನಗೇನಾಗ್ಬೇಕು? ಆ ಮಾತಿನ ಅರ್ಥ ಕೇಳೋಕೆ ಬಂದೆ ನಾನು."

ಅವಳೇ ಮುಂದಾಗಿ ಬಾಗಿಲು ತಳ್ಳಿದಳು.