ತೆಂಗಿನಕಾಯಿಯ ಪೆಟ್ಟು ತಿಂದ ಎಂಜಿನ್

ಹೊಳೆ ಕಡಲು ಸೇರುವಲ್ಲಿ, ಸುತ್ತ ನೀರಿರುವ ಒಂದು ಕುದ್ರುವಿನಲ್ಲಿ, ಒಬ್ಬ ಶ್ರೀಮಂತನಿದ್ದ. ಸೇತುವೆ ಇಲ್ಲ. ಎಲ್ಲಿಗೆ ಹೋಗುವುದಿದ್ದರೂ ದೋಣಿಯೇ. ಅವನು ತನ್ನ ದೋಣಿಯ ಹಿಂದೆ ಕಟ್ಟಲು ಹೊಸ ಎಂಜಿನ್ ತಂದ. ಎರಡು ವರ್ಷದ ವಾರಂಟಿ.

ಹೊಸ ವಸ್ತು ಬಂದರೆ ನಾವು ಏನು ಮಾಡುತ್ತೇವೆ? ಪೂಜೆ ಮಾಡುತ್ತೇವೆ. ಅವನೂ ಮಾಡಿದ. ಕಾಯಿ ಒಡೆಯಲು ಕಲ್ಲು ಸಿಗಲಿಲ್ಲ. ಎಂಜಿನ್ನಿನ ತಲೆಗೇ ಕುಕ್ಕಿದ. ಕಾಯಿ ಎರಡು ಹೋಳಾಯಿತು. ಮುಚ್ಚಳದಲ್ಲೊಂದು ಗುಳಿ ಬಿತ್ತು. ಭಕ್ತಿಯೇನೋ ದೊಡ್ಡದೇ, ನೋಡಿ.

ಆ ಎಂಜಿನ್ ಮನಸ್ಸು ಬಂದರೆ ಓಡುತ್ತಿತ್ತು, ಇಲ್ಲವಾದರೆ ನಡುಹೊಳೆಯಲ್ಲಿ ನಿಲ್ಲುತ್ತಿತ್ತು. ಹಗ್ಗ ಎಳೆದು ಎಳೆದು ಶ್ರೀಮಂತನ ಪಂಚೆ ಸಡಿಲಾಯಿತೇ ಹೊರತು ಎಂಜಿನ್ ಕೆಮ್ಮಲೂ ಇಲ್ಲ. ಒಂದು ಭಾನುವಾರ ಅದು ಪೂರ್ತಿ ಸುಮ್ಮನಾಯಿತು. ಅದನ್ನು ಮೀನಿನ ದೋಣಿಯೊಂದರಲ್ಲಿ ಹೇರಿಕೊಂಡು ಪೇಟೆಗೆ ಹೋದ. ಎಂಜಿನ್ ಕೊಂಡ ಅಂಗಡಿಯಲ್ಲಿ ಕುಳಿತಿದ್ದವನು ಮುಚ್ಚಳ ಸವರಿ ನೋಡಿದ.

"ಇದು ಪೆಟ್ಟು ಬಿದ್ದ ಮಾಲು. ಪೆಟ್ಟಿಗೆ ವಾರಂಟಿ ಇಲ್ಲ."

"ಪೆಟ್ಟಲ್ಲ ಮಾರಾಯ್ರೇ, ಪೂಜೆ."

"ಪೂಜೆಗೂ ಇಲ್ಲ."

"ಕಾಯಿ ಬಿದ್ದದ್ದು ಮುಚ್ಚಳಕ್ಕೆ. ಕೆಟ್ಟದ್ದು ಒಳಗಿನದ್ದು."

"ನೀವು ಹೇಳುದು ಸರಿ. ಹೆಡ್ ಆಫೀಸಿಗೆ ಬರೀರಿ."

"ಕೊಡುವಾಗ, ಏನಾದ್ರೂ ನಾವಿದ್ದೇವೆ ಅಂದ್ರಲ್ಲ?"

"ಅದು ಮಾರುವವರು ಹೇಳಿದ್ದು. ನಾನು ರಿಪೇರಿಯವ."

ಶ್ರೀಮಂತ ಹಲ್ಲು ಕಡಿಯುತ್ತ ಕುದ್ರುವಿಗೆ ಮರಳಿದ. ದೋಣಿ ಕಟ್ಟುವ ಜಾಗದಲ್ಲಿ ನೆರೆಮನೆಯ ವಿಧವೆ ಮುದುಕಿ ಕಾದು ಕುಳಿತಿದ್ದಳು. ಅವಳಿಗೆ ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಂಜಾಗಿತ್ತು. ಮರುದಿನ ಬೆಳಿಗ್ಗೆ ಎಂಟಕ್ಕೆ ಪೇಟೆಯಲ್ಲಿ ಅದರ ಆಪರೇಶನ್. ಆ ಹೊತ್ತಿಗೆ ಮೀನಿನ ದೋಣಿಗಳೆಲ್ಲ ಕಡಲಿಗೆ ಹೋಗಿರುತ್ತವೆ. ಅವಳ ಗಂಡನ ಉತ್ತರಕ್ರಿಯೆಯ ಊಟದಲ್ಲಿ ಈ ಶ್ರೀಮಂತನೇ ಎಲ್ಲರೆದುರು ಹೇಳಿದ್ದ: "ನಾನಿಲ್ವಾ ಅಕ್ಕಾ, ನೀವೆಂತಕ್ಕೆ ಚಿಂತೆ ಮಾಡುದು?"

ಈಗ ಹೇಳಿದ: "ಎಂಜಿನ್ ಇಲ್ಲ ಅಕ್ಕಾ. ಮುಂದಿನ ತಿಂಗಳು ನೋಡುವ."

"ನಾನು ಎಂಜಿನ್ ಕೇಳ್ಲಿಲ್ಲ ತಮ್ಮಾ. ಅವತ್ತು ಎಲೆ ಮುಂದೆ ಕೂತು 'ನಾನಿಲ್ವಾ' ಅಂದದ್ದು ಯಾರು? ನೀನಾ, ನಿನ್ನ ಎಂಜಿನ್ನಾ?"

"ಅದು ಅವತ್ತಿನ ಮಾತಲ್ದಾ ಅಕ್ಕಾ..."

ಹೇಳುತ್ತಿದ್ದ ಹಾಗೇ ಅವನಿಗೆ ತನ್ನ ಮಾತೇ ಕೇಳಿಸಿತು. ಈ ಮಾತು ಯಾರದ್ದು? ಪೇಟೆಯಲ್ಲಿ ತಾನು ಶಪಿಸಿ ಬಂದ ರಿಪೇರಿಯವನದ್ದಲ್ಲವೇ?

ಮರುದಿನ ಶ್ರೀಮಂತ ತಾನೇ ಹುಟ್ಟು ಹಾಕಿದ. ಇಪ್ಪತ್ತು ವರ್ಷದಿಂದ ಹುಟ್ಟು ಮುಟ್ಟದ ಕೈ. ಅಂಗೈಯಲ್ಲಿ ಬೊಬ್ಬೆ ಎದ್ದವು. ದೋಣಿ ಒಮ್ಮೆ ತನ್ನ ಸುತ್ತಲೇ ತಿರುಗಿತು.

"ದಡ ಆಚೆ ಬದಿ, ತಮ್ಮಾ," ಎಂದಳು ಮುದುಕಿ. "ನಂಗೇ ಕಾಣ್ತದೆ, ನಿಂಗೆ ಕಾಣುದಿಲ್ವಾ?"

ಬೆವರು ಸುರಿಸಿ ಎಂಟಕ್ಕೆ ಮುಟ್ಟಿಸಿದ. ಡಾಕ್ಟರು ಬಂದದ್ದು ಹತ್ತಕ್ಕೆ. ಇರಲಿ. ಅವಳ ಕಣ್ಣು ಉಳಿಯಿತು. ಎಂಜಿನ್ ಏನಾಯಿತು ಎಂದು ಕೇಳುತ್ತೀರಿ. ಹೆಡ್ ಆಫೀಸಿನವರು ಇನ್ನೂ ಯೋಚಿಸುತ್ತಿದ್ದಾರೆ.

ನಗುತ್ತಿದ್ದೀರಿ. ನಗಿ. ಆದರೆ ಆ ಶ್ರೀಮಂತ ಯಾರು? ಈ ವರ್ಷ ನಮ್ಮ ಮನೆಯಲ್ಲೂ ಸಾವಾಯಿತು. ನೀವೆಲ್ಲ ಬಂದಿರಿ, "ಏನಿದ್ದರೂ ಹೇಳಿ" ಎಂದಿರಿ. ನಾನು ದೂರುತ್ತಿಲ್ಲ. ನಲವತ್ತು ವರ್ಷ ಈ ದೇವಸ್ಥಾನದಲ್ಲಿ ಕಥೆ ಹೇಳುತ್ತ, ನಾನೂ ಎಷ್ಟೋ ಮನೆಗಳಲ್ಲಿ ಅದೇ ಮಾತು ಹೇಳಿ, ಚಪ್ಪಲಿ ಮೆಟ್ಟಿ ಹೊರಟು ಬಂದವನೇ. ಆ ಮುದುಕಿ ಗಟ್ಟಿಗಿತ್ತಿ, ಬಾಯಿಬಿಟ್ಟು ಕೇಳಿದಳು. ಹೆಚ್ಚಿನವರು ಕೇಳುವುದಿಲ್ಲ. ದುಃಖದಲ್ಲಿರುವವನಿಗೆ ತನಗೆ ಏನು ಬೇಕೆಂದು ತನಗೇ ತಿಳಿದಿರುವುದಿಲ್ಲ. ಸಂಜೆ ಎರಡು ಲೋಟ ಚಹಾ ಮಾಡಿ, ಒಂದನ್ನು ಚೆಲ್ಲುತ್ತಾನೆ. ಅದನ್ನು ಯಾರಿಗೆ ಫೋನು ಮಾಡಿ ಹೇಳುವುದು?

ಆದ್ದರಿಂದ ಇನ್ನು ಮೇಲೆ "ಏನಿದ್ದರೂ ಹೇಳಿ" ಎನ್ನಬೇಡಿ. "ನಾಳೆ ಸಂಜೆ ಬರುತ್ತೇನೆ" ಎನ್ನಿ. ಹೇಳಿದ ಮೇಲೆ ಹೋಗಿ. ಉಪದೇಶ ಮಾಡಬೇಡಿ, ಅದಕ್ಕೆ ನಾನೊಬ್ಬ ಸಾಕು. ಬಾವಿಯಿಂದ ಎರಡು ಕೊಡ ನೀರು ಸೇದಿಕೊಡಿ, ಅರ್ಧ ಗಂಟೆ ಕುಳಿತುಕೊಳ್ಳಿ. ದೇವರಿಗೆ ಸಲ್ಲುವ ಪೂಜೆ ಅದು.

ಇವತ್ತು ಮಂಗಳಾರತಿ ಮುಗಿದ ಮೇಲೆ ನೇರ ಮನೆಗೆ ಹೋಗಬೇಡಿ. ಯಾರಿಗೆ ಮಾತು ಕೊಟ್ಟು ಮರೆತಿದ್ದೀರೋ ಆ ಮನೆಯ ದಾರಿ ಹಿಡಿಯಿರಿ. ಪ್ರಸಾದದ ಪೊಟ್ಟಣ ಎರಡು ತೆಗೆದುಕೊಳ್ಳಿ.