ಬಾಗಿಲ ಸಂದಿಯ ಬೆಳಕು

ಭಾವನವರೇ, ಮಗಳೇ, ಅಕ್ಕನ ಶಿಷ್ಯರೇ, ಗೆಳೆಯರೇ — ಅಗಲಿದ ಅಕ್ಕನನ್ನು ನೆನೆಯಲು ಬಂದ ಎಲ್ಲರಿಗೂ ನಮಸ್ಕಾರ. ನಾನು ಸಂಸ್ಥೆಯಲ್ಲಿ ಅಕ್ಕನ ಪ್ರಯೋಗಾಲಯದ ಪಕ್ಕದ ಕೋಣೆಯವನು. ಅವರ ಬೈಗುಳವನ್ನು ವರ್ಷಗಟ್ಟಲೆ ಗೋಡೆಯಾಚೆಯಿಂದ ಕೇಳಿದವನು. ಬರೀ ಹೊಗಳು ಅಂದರೆ ನನ್ನ ಕೈಲಾಗದು, ಕ್ಷಮಿಸಬೇಕು.

ಅಕ್ಕ ಮಾಡುತ್ತಿದ್ದುದೇನು? ಮಡಕೆ ಕೊಳ್ಳುವಾಗ ನಾವು — ಹೀಗೆ — ಬೆರಳಿನಿಂದ ತಟ್ಟಿ ನೋಡುತ್ತೇವಲ್ಲ, ಹಾಗೆ ಅವರು ಇಂಗಾಲವನ್ನು ಬೆಳಕಿನಿಂದ ತಟ್ಟಿ ನೋಡುತ್ತಿದ್ದರು. ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ, ಅದು ಗ್ರಾಫೀನ್. ಅದನ್ನೇ ಸುರುಳಿ ಸುತ್ತಿದಂತಿರುವುದು ನ್ಯಾನೊ ಕೊಳವೆ. ಲೇಸರ್ ಬಿಟ್ಟರೆ ಬೆಳಕು ಚದುರುತ್ತದೆ. ಹೆಚ್ಚಿನದು ಹೋದ ಬಣ್ಣದಲ್ಲೇ ವಾಪಸ್ಸು. ಎಲ್ಲೋ ಒಂದು ಚೂರು ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಹಾಳೆ ಎಷ್ಟು ಪದರ, ಕೊಳವೆ ಎಷ್ಟು ದಪ್ಪ, ಎಲ್ಲಿ ಹರಿದಿದೆ — ಎಲ್ಲವನ್ನೂ ಆ ಚೂರೇ ಹೇಳಬೇಕು. ಅದನ್ನು ಹಿಡಿಯಲು ಕೋಣೆ ಕಗ್ಗತ್ತಲಾಗಿರಬೇಕು. ನನ್ನ ವಾಚಿನ ಮುಳ್ಳು ಹೊಳೆಯುತ್ತದೆಂದು ನನ್ನನ್ನೇ ಆಚೆ ಅಟ್ಟಿದ್ದರು, ಪುಣ್ಯಾತ್ಗಿತ್ತಿ!

ಒಂದು ಸಲ ಕೊಳವೆಗಳಿಂದ ಬಂದ ಬೆಳಕಿನ ಬಣ್ಣಗಳ ನಕ್ಷೆಯಲ್ಲಿ ಯಾರೂ ಕಂಡಿರದ ಶಿಖರವೊಂದು ಎದ್ದಿತು. ಸಂಸ್ಥೆಗೆ ಸಂಸ್ಥೆಯೇ ಕುಣಿಯಿತು. ದೊಡ್ಡ ಸಮ್ಮೇಳನದಿಂದ ಕರೆ ಬಂತು. ಹೊರಡುವ ಮುನ್ನ ಅಕ್ಕ ಕೊಳವೆಗಳನ್ನು ತೆಗೆದಿಟ್ಟು, ಲೇಸರ್ ಆರಿಸಿ, ಬರಿದೇ ಅಳೆದರು. ಶಿಖರ ಅಲ್ಲೇ ಇತ್ತು! ಕಾರಿಡಾರಿನ ಟ್ಯೂಬ್‌ಲೈಟು — ಬಾಗಿಲ ಸಂದಿಯಿಂದ ಒಳಗೆ ನುಸುಳಿತ್ತು.

ಸಮ್ಮೇಳನಕ್ಕೆ ಹೋಗಿ ಅದನ್ನೇ ಹೇಳಿದರು: "ನಾನು ಕಂಡುಹಿಡಿದಿದ್ದು ನಮ್ಮ ಕಾರಿಡಾರಿನ ಟ್ಯೂಬ್‌ಲೈಟನ್ನ." ಸಭೆ ನಕ್ಕಿತು, ಅಕ್ಕನೂ ನಕ್ಕರಂತೆ. ಆದರೆ ಬಂದ ಮೇಲೆ ಕೆಲವು ದಿನ ಗೋಡೆಯಾಚೆ ಬೈಗುಳವೇ ಇಲ್ಲ.

ಇವತ್ತು ಇದನ್ನು ಯಾಕೆ ಹೇಳುತ್ತಿದ್ದೇನೆ? ನಿನ್ನೆ ಅಕ್ಕನ ಮಗಳು ನನ್ನ ಕೈ ಹಿಡಿದುಕೊಂಡು ಕೇಳಿದಳು — "ಮಾಮ, ಆ ಲೈಟ್ ಹಾಕಿದ್ದು ನಾನು. ಆಗಷ್ಟೇ ಸ್ಕೂಲ್ ಬಿಟ್ಮೇಲೆ ಅಲ್ಲಿಗೆ ಬರೋಕೆ ಶುರು ಮಾಡಿದ್ದೆ, ಬೆಂಚ್ ಮೇಲೆ ಕೂತು ಹೋಮ್‌ವರ್ಕ್ ಮಾಡ್ತಿದ್ದೆ. ಅಮ್ಮಂಗೆ ಗೊತ್ತಿತ್ತಾ? ಕೇಳೋಕೆ ಧೈರ್ಯಾನೇ ಬರ್ಲಿಲ್ಲ." ಇಷ್ಟು ವರ್ಷ ಈ ಕೂಸು ಅದನ್ನು ಎದೆಯಲ್ಲೇ ಇಟ್ಟುಕೊಂಡಿದೆ!

ಗೊತ್ತಿತ್ತಮ್ಮ — ಶಿಖರದ ಗುಟ್ಟು ತಿಳಿದ ದಿನವೇ ಗೊತ್ತಿತ್ತು. ನಾನು ಅಧಿಕಪ್ರಸಂಗಿ, "ಅಕ್ಕ, ಆ ಸ್ವಿಚ್ಚೇ ಕೀಳಿಸಿಬಿಡೋಣ" ಅಂದೆ. ಹೇಗೆ ನೋಡಿದರು ಗೊತ್ತೇ! "ಸುಮ್ನಿರಪ್ಪ. ಮಗು ಕತ್ಲಲ್ಲಿ ಹೆಂಗೆ ಓದುತ್ತೆ? ಸಂದಿ ಮುಚ್ಚಬೇಕಾಗಿದ್ದು ನಾನು." ಅಂದೇ ಬಾಗಿಲಿಗೆ ದಪ್ಪ ಕರಿ ಪರದೆ ಬಂತು. ಅದನ್ನು ಎಳೆಯುವ ಮೊದಲು, ದಿನಾ, ಹೀಗೆ ಬಗ್ಗಿ ಸಂದಿಯನ್ನು ನೋಡುತ್ತಿದ್ದರು. "ಲೈಟ್ ಉರೀತಿದೆ. ಬಂದಿದಾಳೆ. ಇನ್ನು ಶುರು ಮಾಡೋಣ."

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಒಂದು ನಿಮಿಷ ಮಾತು ಬೇಡ. ಸ್ವಿಚ್ಚಿನ ಹತ್ತಿರ ನಿಂತಿರುವ ಶಿಷ್ಯರೇ — ಅಕ್ಕನ ಕೋಣೆಯ ರೂಢಿಯಂತೆ ಇಲ್ಲಿಯ ದೀಪ ಆರಿಸಿ. ಹೊರಗೆ ಕಾರಿಡಾರಿನದು ಮಾತ್ರ ಉರಿಯುತ್ತಿರಲಿ.