ಪದಾ ಹಚ್ಚು

ಮರಾಠಿ ನಾಡಿನ ಭೋಸರಿಯ ಟಿವಿ ಅಂಗಡಿಯಲ್ಲಿ ಬಿಲ್ಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ಹೊಸ ಟಿವಿಯೊಂದರ ಮುಂದೆ ನಿಂತಿದ್ದರು.

“ಇದಕ್ಕ ಕನ್ನಡಾನೂ ತಿಳೀತದಂತ. ಮಾತಾಡಿ ನೋಡು, ಸಾಬವ್ವಾ.”

ಆಕೆ ರಿಮೋಟನ್ನು ಬಾಯಿಯ ಹತ್ತಿರ ಹಿಡಿದಳು. “ಪದಾ ಹಚ್ಚು.”

ತೆರೆಯ ಮೇಲೆ ಪಾದಕ್ಕೆ ಹಚ್ಚುವ ಮುಲಾಮು ಬಂತು.

“ಹಾಡು ಕೇಳಿದ್ರ ಮುಲಾಮು ತೋರಸ್ತದಲ್ರಿ!”

“ಅದರದು ಬೆಂಗಳೂರು ಕನ್ನಡ. ತಡಿ, ಮರಾಠ್ಯಾಗ ಹೇಳ್ತೀನಿ. ಗಾಣಾ ಲಾವ್!”

ಹಾಡು ಶುರುವಾಯಿತು.

“ನೋಡು, ಎಷ್ಟ ಶಾಣ್ಯಾ ಅದ!”

“ದಿನಾ ಹೊರಗ ಮರಾಠಿ ಮಾತಾಡಿ ಸಾಕಾಗಿರ್ತದ. ಮನ್ಯಾಗ ಟಿವಿ ಜೋಡೀನೂ ಮರಾಠೀನ?”

“ಮನ್ಯಾಗಿನ ಹಳೇ ಟಿವಿಗೆ ಯಾವ ಭಾಷಾ ಬರತಿತ್ತು?”

“ಅದಕ್ಕ ಭಾಷಾ ಯಾಕ ಬೇಕ್ರಿ? ತಲಿ ಮ್ಯಾಲ ಒಂದು ಬಡದ್ರ ಹಾಡತಿತ್ತು.”

ಹೊರಡುವಾಗ ಆಕೆ ಹೊಸದರ ತಲೆಗೂ ಒಂದು ಮೆಲ್ಲಗೆ ಬಡಿದು ನೋಡಿದಳು.